12,000 ಷೇರುಗಳ ಒಡೆಯ

ಆರು ತಿಂಗಳಿಗೊಮ್ಮೆ ನನ್ನ ಇಮೇಲಿಗೆ ಒಂದು ಪಿಡಿಎಫ್ ಬರುತ್ತದೆ. ತೆರೆಯಲು ಪ್ಯಾನ್ ಸಂಖ್ಯೆಯೇ ಪಾಸ್‌ವರ್ಡ್. ಒಳಗೆ ನನ್ನ ಹೆಸರು, ತಿಪಟೂರಿನ ಮನೆಯ ವಿಳಾಸ, ಅದರ ಕೆಳಗೆ ಒಂದೇ ಒಂದು ಸಾಲು. ಒಂದು ಕಂಪನಿಯ ಹೆಸರು, ಅದರ ಮುಂದೆ 12,000 ಎಂಬ ಸಂಖ್ಯೆ. ಆ ಕಂಪನಿಯ ಹನ್ನೆರಡು ಸಾವಿರ ಷೇರುಗಳಿಗೆ ನಾನು ಒಡೆಯ. ಮಾರೋಣವೆಂದರೆ ಕೊಳ್ಳುವವರಿಲ್ಲ. ಷೇರು ಇರುವವರೆಗೆ ಖಾತೆ ಮುಚ್ಚುವಂತೆಯೂ ಇಲ್ಲ. ಮೊದಮೊದಲು ಆ ಇಮೇಲ್ ಬಂದ ದಿನ ಊಟ ಸೇರುತ್ತಿರಲಿಲ್ಲ. ಈಗ ತೆರೆದು ನೋಡಿ, ಮುಚ್ಚಿ, ನನ್ನ ಪ್ರಬಂಧದ ಅಡಿಟಿಪ್ಪಣಿಗಳಿಗೆ ಮರಳುತ್ತೇನೆ. ಆದರೆ ಅಳಿಸಿಹಾಕುವುದಿಲ್ಲ.

ಈ ಷೇರುಗಳ ಕತೆಯನ್ನು ಗೆಳೆಯರ ನಡುವೆ ಹಲವು ಸಲ ಹೇಳಿದ್ದೇನೆ. ಹೇಳುವಾಗಲೆಲ್ಲ ಅದು ಸರ್ಕಾರದ ಒಂದು ಆದೇಶದಿಂದ ಬಡಪಾಯಿ ವಿದ್ಯಾರ್ಥಿಯೊಬ್ಬನ ದುಡ್ಡು ಮುಳುಗಿದ ಕತೆಯಾಗಿರುತ್ತಿತ್ತು. ಕೇಳಿದವರು ಅಯ್ಯೋ ಎನ್ನುತ್ತಿದ್ದರು. ಕತೆಯಲ್ಲಿ ಒಂದು ಭಾಗವನ್ನು ನಾನು ಬಿಟ್ಟುಬಿಡುತ್ತಿದ್ದೆ. ಅದನ್ನೂ ಸೇರಿಸಿ ಒಮ್ಮೆ ಬರೆಯಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

2017ರಲ್ಲಿ ನಾನು ತಿಪಟೂರಿನಲ್ಲಿ ಬಿ.ಕಾಂ. ಓದುತ್ತಿದ್ದೆ. ಅಪ್ಪ ಎಪಿಎಂಸಿಯ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತ. ನಮ್ಮೂರಿನಲ್ಲಿ ಹುಟ್ಟಿದವರಿಗೆ ಮಾರುಕಟ್ಟೆ ಅಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಹರಾಜಿನ ದಿನ ಊರಿನ ಮಾತೆಲ್ಲ ರೇಟಿನ ಮೇಲೆಯೇ. ಕ್ವಿಂಟಲಿಗೆ ನೂರು ರೂಪಾಯಿ ಏರಿದರೆ ಹೋಟೆಲಿನ ಕಾಫಿಗೂ ರುಚಿ ಬರುತ್ತದೆ, ಇಳಿದರೆ ಬಸ್‌ಸ್ಟ್ಯಾಂಡಿನಲ್ಲೂ ಮೌನ. ಆದರೆ ಅಪ್ಪನ ಮಾರುಕಟ್ಟೆಗೆ ಒಂದು ಮಿತಿ ಇತ್ತು. ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಡಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಸದ್ದಾಗಬೇಕು. ಅದಕ್ಕೆ ಮುಂಚೆ ಯಾರೂ ಅದನ್ನು ಆತುರಪಡಿಸಲಾರರು. ನನಗೆ ಆ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಎಂದರೆ ಒಂದು ಜನ್ಮ.

ಆ ವರ್ಷ ಎಲ್ಲ ಕಡೆ ಷೇರಿನ ಗಾಳಿ. ನೋಟು ರದ್ದಾಗಿ ಜನರ ಹಣ ಬ್ಯಾಂಕಿಗೆ ಬಂದು ಕೂತಿತ್ತು, ಠೇವಣಿಯ ಬಡ್ಡಿ ಇಳಿದಿತ್ತು, ಏಪ್ರಿಲ್‌ನಲ್ಲಿ ಸೆನ್ಸೆಕ್ಸ್ 30,000 ದಾಟಿ ನಿಂತಿತ್ತು. ಜಿಯೊ ಬಂದು ಅಂಗೈಯಲ್ಲಿ ಇಂಟರ್ನೆಟ್ಟು. ನಮ್ಮ ತರಗತಿಯಲ್ಲಿ ಷೇರುಪೇಟೆ ಒಂದು ಪಾಠವೂ ಆಗಿತ್ತು. ಹೈಸ್ಕೂಲ್ ಹುಡುಗರಿಗೆ ಟ್ಯೂಷನ್ ಹೇಳಿ ಕೂಡಿಸಿದ ಹಣ, ವಿದ್ಯಾರ್ಥಿವೇತನ ಸೇರಿ ನನ್ನ ಬಳಿ 18,000 ರೂಪಾಯಿ ಇತ್ತು. ಡಿಮ್ಯಾಟ್ ಖಾತೆ ತೆರೆದೆ.

ಒಳ್ಳೆಯ ಕಂಪನಿಯ ಷೇರು ಕೊಳ್ಳಬಹುದಿತ್ತು. ಆದರೆ ಹೆಸರಾಂತ ಕಂಪನಿಯೊಂದರ ಷೇರಿಗೆ ಸಾವಿರಾರು ರೂಪಾಯಿ. ನನ್ನ ಹಣಕ್ಕೆ ಬೆರಳೆಣಿಕೆಯಷ್ಟು ಬಂದಾವು. ಹತ್ತು ರೂಪಾಯಿಗಿಂತ ಕಡಿಮೆ ಬೆಲೆಯ ಪೆನ್ನಿ ಷೇರಾದರೆ ಸಾವಿರಗಟ್ಟಲೆ ಸಿಗುತ್ತದೆ. ಲೆಕ್ಕದಲ್ಲಿ ಎರಡೂ ಒಂದೇ. ಹತ್ತು ಶೇಕಡ ಏರಿದರೆ ಎರಡರಲ್ಲೂ ಅಷ್ಟೇ ಲಾಭ. ಬಿ.ಕಾಂ. ಓದುವವನಿಗೆ ಅದು ಗೊತ್ತಿತ್ತು. ಆದರೂ ಐದು ಸಾವಿರ ಷೇರು ಇಟ್ಟುಕೊಂಡವನ ಮನಸ್ಸೇ ಬೇರೆ. ಮೂರು ರೂಪಾಯಿಯ ಷೇರು ಆರಾಗುವುದು ಸುಲಭ, ಮೂರು ಸಾವಿರದ್ದು ಆರು ಸಾವಿರ ಆಗುವುದು ಕಷ್ಟ ಎಂದು ಅದು ನಂಬುತ್ತದೆ. ಕಾಯಿಯ ರಾಶಿ ನೋಡಿದವರಿಗೆ ರಾಶಿಯೇ ಶ್ರೀಮಂತಿಕೆ.

ಆ ಕಂಪನಿಯ ಹೆಸರು ನನಗೆ ಸಿಕ್ಕಿದ್ದು ಒಂದು ಎಸ್ಸೆಮ್ಮೆಸ್ಸಿನಿಂದ. ಯಾರು ಕಳಿಸಿದರೋ ತಿಳಿಯದು. ಇವತ್ತೇ ಕೊಳ್ಳಿ, ಮೂರು ತಿಂಗಳಲ್ಲಿ 12 ರೂಪಾಯಿ ಎಂದಿತ್ತು. ನಾನು ತಕ್ಷಣ ನಂಬಲಿಲ್ಲ. ಎರಡು ವಾರ ಬೆಲೆ ನೋಡಿದೆ. ದಿನಾ ಸ್ವಲ್ಪ ಸ್ವಲ್ಪ ಏರುತ್ತಿತ್ತು. ಅದನ್ನೇ ನನ್ನ ಸಂಶೋಧನೆ ಎಂದುಕೊಂಡೆ. ಮೇ ತಿಂಗಳಲ್ಲಿ 3 ರೂಪಾಯಿ 60 ಪೈಸೆಯಂತೆ 5,000 ಷೇರು ಕೊಂಡೆ. ಕಂಪನಿ ಏನು ತಯಾರಿಸುತ್ತದೆ ಎಂದು ನೀವು ಆಗ ಕೇಳಿದ್ದರೆ ಉತ್ತರ ನನ್ನಲ್ಲಿರಲಿಲ್ಲ.

ಜೂನ್‌ನಲ್ಲಿ ಬೆಲೆ 4 ರೂಪಾಯಿ ಆಯಿತು. ಅದೇ ತಿಂಗಳು ಅಮ್ಮ ಬೀದಿಯ ಹೆಂಗಸರು ನಡೆಸುತ್ತಿದ್ದ 30,000ದ ಚೀಟಿ ಎತ್ತಿದ್ದಳು. ಕೂಗಿ ಕಳೆದು ಕೈಗೆ ಬಂದದ್ದು 28,000. ನನ್ನ ಮೊದಲ ವರ್ಷದ ಫೀಸಿಗೆಂದು ಬ್ಯಾಂಕಿನಲ್ಲಿ ಅಡವಿಟ್ಟಿದ್ದ ಅವಳ ಓಲೆ ಬಿಡಿಸಿಕೊಳ್ಳಲು ಎತ್ತಿದ ಚೀಟಿ ಅದು. ನಾನು ಮೊಬೈಲಿನಲ್ಲಿ ಗೆರೆ ತೋರಿಸಿದೆ. ಮೇಲಕ್ಕೆ ಹೋಗುವ ಗೆರೆ.

"ಎರಡು ತಿಂಗಳು ಕೊಡಮ್ಮ. ಓಲೆ ಬಿಡಿಸಿ, ಮೇಲೆ ಒಂದು ಬಳೆಗಾಗೋಷ್ಟು ಕೊಡ್ತೀನಿ."

"ಬಳೆ ಬ್ಯಾಡ, ಓಲೆ ಬಂದ್ರೆ ಸಾಕು" ಅಂದಳು. ಆಮೇಲೆ, "ನಂಗೇನು ಗೊತ್ತಾಗುತ್ತೆ, ನೀನು ಓದಿದೋನು" ಅಂದಳು. ಅಪ್ಪನಿಗೆ ಹೇಳುವುದು ಬೇಡವೆಂದು ಇಬ್ಬರೂ ಬಾಯಿಬಿಟ್ಟು ಹೇಳದೆಯೇ ಒಪ್ಪಿಕೊಂಡೆವು. ಇನ್ನು 7,000 ಷೇರು ಬಂತು. ಒಟ್ಟು 12,000. ಹಾಕಿದ ಹಣ 46,000.

ಜುಲೈ ಕೊನೆಗೆ ಬೆಲೆ 4 ರೂಪಾಯಿ 75 ಪೈಸೆ. ನನ್ನ ಷೇರುಗಳ ಮೌಲ್ಯ 57,000. ಅಪ್ಪನ ಕೆಲವು ತಿಂಗಳ ಸಂಬಳ. ಮಂಡಿಯಿಂದ ಬಂದು ಕಾಲು ತೊಳೆಯುತ್ತಿದ್ದ ಅಪ್ಪನನ್ನು ನೋಡಿ ಪಾಪ ಅನ್ನಿಸುತ್ತಿತ್ತು. ಆ ಪಾಪದಲ್ಲಿ ಸ್ವಲ್ಪ ಗರ್ವವೂ ಇತ್ತು ಎಂದು ಈಗ ಒಪ್ಪಿಕೊಳ್ಳಬೇಕು.

ಆಗಸ್ಟ್ 7, ಸೋಮವಾರ. ನೂಲು ಹುಣ್ಣಿಮೆ, ರಾತ್ರಿ ಚಂದ್ರಗ್ರಹಣ. ಅಮ್ಮ ಬೇಗನೆ ಅಡುಗೆ ಮುಗಿಸಿ, ಉಪ್ಪಿನಕಾಯಿ ಜಾಡಿಯ ಮೇಲೂ ಒಂದು ದರ್ಭೆ ಇಟ್ಟಿದ್ದಳು. ಗ್ರಹಣ ಹಿಡಿಯುವುದು ಹನ್ನೊಂದರ ಹೊತ್ತಿಗೆ ಎಂದು ಟೀವಿಯಲ್ಲಿ ಹೇಳುತ್ತಿದ್ದರು. ನಾನು ಚಾಪೆಯ ಮೇಲೆ ಮಲಗಿ ಮೊಬೈಲ್ ನೋಡುತ್ತಿದ್ದೆ. ಭಾರತೀಯ ಷೇರು ನಿಯಂತ್ರಣ ಮಂಡಳಿ, ಅಂದರೆ ಸೆಬಿ, 331 ಶಂಕಿತ ಶೆಲ್ ಕಂಪನಿಗಳ ಷೇರು ವಹಿವಾಟಿಗೆ ತಡೆ ಹಾಕಿದೆ ಎಂಬ ಸುದ್ದಿ ಕಂಡಿತು. ಓದಿಕೊಂಡು ಮುಂದೆ ಹೋದೆ. ನನಗೂ ಅದಕ್ಕೂ ಸಂಬಂಧವಿಲ್ಲ ಅನ್ನಿಸಿತು. ಶೆಲ್ ಕಂಪನಿ ಎಂದರೆ ಯಾರೋ ದೊಡ್ಡ ಕಳ್ಳರದ್ದು, ನನ್ನದು ದಿನಾ ಏರುವ ಕಂಪನಿ. ಸ್ವಲ್ಪ ಹೊತ್ತಾದ ಮೇಲೆ ಸುಮ್ಮನೆ ಪಟ್ಟಿ ತೆರೆದೆ. ಬೆರಳಿನಿಂದ ಸರಿಸುತ್ತಾ ಹೋದೆ. ಒಂದು ಕಡೆ ಬೆರಳು ನಿಂತಿತು.

ಹೊರಗೆ ಅಮ್ಮ, "ಗ್ರಹಣ ಬಿಡೋ ತನಕ ನೀರು ಕುಡೀಬ್ಯಾಡ ಕಣೋ" ಅನ್ನುತ್ತಿದ್ದಳು. ಬಾಯಿ ಒಣಗಿತ್ತು.

ಮರುದಿನ ಬೆಳಿಗ್ಗೆ ಒಂಬತ್ತೂಕಾಲಿಗೆ ಪೇಟೆ ತೆರೆಯಿತು. ನನ್ನ ಷೇರಿನ ಬೆಲೆ 4.75ಕ್ಕೇ ನಿಂತಿತ್ತು. ಅದು ಇಳಿದಿದ್ದರೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲವೇನೋ. ಇಳಿಯಲೂ ಇಲ್ಲ, ಏರಲೂ ಇಲ್ಲ. ಮಾರಾಟದ ಆದೇಶ ಹಾಕಿದರೆ ತಿರಸ್ಕಾರ. ಬ್ರೋಕರ್ ಕಚೇರಿಗೆ ಓಡಿದೆ. ಅದು ಬಟ್ಟೆ ಅಂಗಡಿಯ ಮಹಡಿಯ ಮೇಲಿನ ಒಂದು ಕೋಣೆ. ಆಗಲೇ ಐದಾರು ಜನ ಬಂದಿದ್ದರು. ನಿವೃತ್ತ ಮೇಷ್ಟ್ರೊಬ್ಬರು ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ಕಚೇರಿಯ ಹುಡುಗ ಕಂಪ್ಯೂಟರ್ ನೋಡಿಕೊಂಡು ನಿಯಮ ಓದಿ ಹೇಳಿದ.

ಆ ಕಂಪನಿಗಳನ್ನೆಲ್ಲ ನಿಗಾ ವ್ಯವಸ್ಥೆಯ ಆರನೇ ಹಂತಕ್ಕೆ ಹಾಕಿದ್ದರು. ಅದೇ ಕೊನೆಯ ಹಂತ. ಇನ್ನು ಮೇಲೆ ವಹಿವಾಟು ತಿಂಗಳಿಗೆ ಒಂದೇ ದಿನ, ಮೊದಲ ಸೋಮವಾರ. ಆ ದಿನವೂ ಬೆಲೆ ಹಿಂದಿನದಕ್ಕಿಂತ ಒಂದು ಪೈಸೆ ಮೇಲೆ ಹೋಗುವಂತಿಲ್ಲ. ಕೊಳ್ಳುವವನು ಷೇರಿನ ಬೆಲೆಯ ಜೊತೆಗೆ ಅದರ ಎರಡರಷ್ಟು ಹಣವನ್ನು ಠೇವಣಿ ಇಡಬೇಕು. ಅದು ಐದು ತಿಂಗಳು ಅಲ್ಲೇ ಇರುತ್ತದೆ. ಅಂದರೆ ನೂರು ರೂಪಾಯಿಯ ಷೇರು ಕೊಳ್ಳಲು ಮುನ್ನೂರು ರೂಪಾಯಿ ಹೊಂದಿಸಬೇಕು, ಅದೂ ಏರುವಂತೆಯೇ ಇಲ್ಲದ ಷೇರಿಗೆ.

"ಯಾರ್ ತಗೋತಾರೆ ಹಂಗಾದ್ರೆ?" ಎಂದು ಯಾರೋ ಕೇಳಿದರು.

"ಯಾರೂ ತಗೊಳಲ್ಲ ಸಾರ್" ಅಂದ ಹುಡುಗ.

ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತಾ, "ಇದೆಲ್ಲ ನಮ್ಮನ್ನ ಕಾಪಾಡಕ್ಕೆ ಅಂತಲ್ಲಪ್ಪ" ಅಂದರು. ಯಾರೂ ನಗಲಿಲ್ಲ.

ಅವರು ಹೇಳಿದ್ದು ಕಾನೂನಿನ ಪ್ರಕಾರ ನಿಜ. 1992ರ ಸೆಬಿ ಕಾಯ್ದೆ ತನ್ನ ಉದ್ದೇಶಗಳನ್ನು ಹೇಳುವಾಗ ಮೊದಲು ಇಡುವುದೇ ಹೂಡಿಕೆದಾರರ ಹಿತರಕ್ಷಣೆಯನ್ನು. ನನಗೆ ಬಂದ ಸಿಟ್ಟು ಅಲ್ಲಿಂದಲೇ. ಟಾಕೀಸಿನಲ್ಲಿ ಬೆಂಕಿ ಬಿದ್ದರೆ ಜನರನ್ನು ಹೊರಗೆ ಬಿಟ್ಟು ಬಾಗಿಲು ಹಾಕುತ್ತಾರೋ, ಒಳಗೇ ಇಟ್ಟು ಹಾಕುತ್ತಾರೋ? ಕಂಪನಿ ಕಳ್ಳತನ ಮಾಡಿದ್ದರೆ ಅದರ ಮಾಲೀಕರನ್ನು ಹಿಡಿಯಿರಿ, ನನ್ನ ಕೈಯಲ್ಲಿರುವ ಷೇರನ್ನು ಏಕೆ ಹಿಡಿಯುತ್ತೀರಿ? ಒಂದು ವಾರ ಸಮಯ ಕೊಟ್ಟಿದ್ದರೆ ಗಂಟೇನು ಹೋಗುತ್ತಿತ್ತು? ಹೀಗೆ ಒಂದು ಉದ್ದದ ಪತ್ರವನ್ನೇ ಬರೆದೆ. ಯಾರಿಗೆ ಕಳಿಸಬೇಕೆಂದು ತಿಳಿಯದೆ ನೋಟ್‌ಬುಕ್ಕಿನಲ್ಲೇ ಉಳಿಯಿತು.

ನನ್ನ ಸಿಟ್ಟಿಗೆ ಎರಡೇ ದಿನದಲ್ಲಿ ಬೆಂಬಲವೂ ಸಿಕ್ಕಿತು. ಪಟ್ಟಿಯಲ್ಲಿದ್ದ ಜೆ. ಕುಮಾರ್ ಇನ್ಫ್ರಾಪ್ರಾಜೆಕ್ಟ್ಸ್ ಮತ್ತು ಪ್ರಕಾಶ್ ಇಂಡಸ್ಟ್ರೀಸ್ ಎಂಬ ಎರಡು ಕಂಪನಿಗಳು ಮುಂಬೈನ ಸೆಕ್ಯುರಿಟೀಸ್ ಮೇಲ್ಮನವಿ ನ್ಯಾಯಮಂಡಳಿಗೆ ಹೋದವು. ಅವುಗಳಲ್ಲಿ ಮೊದಲನೆಯದು ಮೆಟ್ರೊ ಕಾಮಗಾರಿ ಮಾಡುವ ಕಂಪನಿ. ಆಗಸ್ಟ್ 10ರಂದು ನ್ಯಾಯಮಂಡಳಿ ಅವುಗಳ ಮಟ್ಟಿಗೆ ಆದೇಶಕ್ಕೆ ತಡೆ ಕೊಟ್ಟಿತು. ಕಂಪನಿ ವ್ಯವಹಾರಗಳ ಸಚಿವಾಲಯ ಸೆಬಿಗೆ ಪಟ್ಟಿ ಕಳಿಸಿದ್ದು ಜೂನ್ 9ರಂದು. ಎರಡು ತಿಂಗಳು ಸುಮ್ಮನಿದ್ದು, ವಿಚಾರಣೆಯನ್ನೇ ನಡೆಸದೆ ಹೀಗೆ ಆದೇಶ ಹೊರಡಿಸುವಂಥ ತುರ್ತು ಏನಿತ್ತು ಎಂಬುದು ನ್ಯಾಯಮಂಡಳಿಯ ತರ್ಕ. ಶೆಲ್ ಕಂಪನಿ ಎಂಬ ಮಾತಿಗೆ ಕಂಪನಿ ಕಾಯ್ದೆಯಲ್ಲಿ ಅರ್ಥವಿವರಣೆಯೇ ಇಲ್ಲ. ಶಂಕಿತ ಎಂಬ ಒಂದು ಪದದ ಕೆಳಗೆ ಕೆಲಸ ಮಾಡುವ ಕಂಪನಿಯೂ ಬರಿಯ ಬೋರ್ಡಿನ ಕಂಪನಿಯೂ ಒಟ್ಟಿಗೆ ಸಿಕ್ಕಿಬಿದ್ದಿದ್ದವು. ಆ ಆದೇಶದ ಬಗ್ಗೆ ನನ್ನ ಈ ಆಕ್ಷೇಪ ಇವತ್ತಿಗೂ ಹಾಗೆಯೇ ಇದೆ. ವಕೀಲರನ್ನು ಹಿಡಿಯುವ ಶಕ್ತಿ ಇದ್ದವರು ಮೂರು ದಿನದಲ್ಲಿ ಹೊರಗೆ ಬಂದರು. ನನ್ನ ಕಂಪನಿ ಯಾವ ನ್ಯಾಯಮಂಡಳಿಗೂ ಹೋಗಲಿಲ್ಲ. ಹೋಗದೇ ಇದ್ದದ್ದೇ ಅದು ಎಂಥ ಕಂಪನಿ ಎಂಬುದಕ್ಕೆ ಸಾಕ್ಷಿ ಎಂದು ನನಗೆ ಹೊಳೆಯಲು ತಿಂಗಳುಗಳೇ ಬೇಕಾದವು.

ಮನೆಯಲ್ಲಿ ಹೇಳಲೇಬೇಕಾಯಿತು. ಅಮ್ಮ ಚೀಟಿಯ ಕಂತು ಇನ್ನೂ ಕಟ್ಟುತ್ತಿದ್ದಳು. ನಾನು ಮೂರು ದಿನ ಮಂಕಾಗಿ ಕೂತದ್ದನ್ನು ನೋಡಿ ಅಪ್ಪನೇ ಕೇಳಿದರು. ಎಲ್ಲ ಹೇಳಿದೆ. ಓಲೆಯ ವಿಷಯಕ್ಕೆ ಬಂದಾಗ ಅಪ್ಪ ಅಮ್ಮನ ಕಡೆ ಒಮ್ಮೆ ನೋಡಿದರು, ಅಷ್ಟೇ.

"ಶೆಲ್ ಅಂದ್ರೇನಪ್ಪ?"

"ಚಿಪ್ಪು. ಒಳಗೆ ಏನೂ ಇರಲ್ಲ, ಮೇಲೆ ಮಾತ್ರ ಕಂಪನಿ."

"ಕರಟ ಅನ್ನು."

"ಹೂಂ, ಕರಟ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕರಟಕ್ಕೂ ರೇಟಿದೆ ಕಣೋ ನಮ್ಮೂರಲ್ಲಿ. ಇದ್ದಿಲು ಮಾಡೋರು ಲೋಡುಗಟ್ಲೆ ತಗೊಂಡೋಗ್ತಾರೆ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಎದ್ದು ಹೋಗುವಾಗ, "ಮಂಡಿಗೆ ಬಂದ ರೈತ ರೇಟು ಒಪ್ಪಲಿಲ್ಲ ಅಂದ್ರೆ ಚೀಲ ವಾಪಸ್ ಹೇರ್ಕೊಂಡು ಹೋಗ್ತಾನೆ. ನಿಂದು ವಾಪಸ್ ತರಕ್ಕೂ ಏನಿಲ್ವಲ್ಲೋ" ಅಂದರು.

ಇಲ್ಲಿಯವರೆಗಿನದು ನಾನು ಎಲ್ಲರಿಗೂ ಹೇಳುತ್ತಿದ್ದ ಕತೆ. ಬಿಟ್ಟ ಭಾಗ ಇನ್ನು ಮುಂದಿದೆ.

ನನಗೊಬ್ಬ ಗೆಳೆಯನಿದ್ದ. ಒಂದೇ ಬೆಂಚು. ಅವನ ತಂದೆ ಇರಲಿಲ್ಲ, ತಾಯಿ ಕೊಬ್ಬರಿ ಕೆಲಸಕ್ಕೆ ಹೋಗುತ್ತಿದ್ದರು. ಅವನೂ ಬೆಳಗಿನ ಹೊತ್ತು ಕಾಯಿ ಸುಲಿದು ಕಾಲೇಜಿಗೆ ಬರುತ್ತಿದ್ದ. ಅಂಗೈ ಯಾವಾಗಲೂ ಒರಟು. ತಂಗಿಯನ್ನು ನರ್ಸಿಂಗ್ ಸೇರಿಸಲು ತಾಯಿ ಮಗ ಸೇರಿ 25,000 ಕೂಡಿಸಿದ್ದರು. ಜುಲೈಯಲ್ಲಿ ನಾನು ದಿನವೂ ಅವನಿಗೆ ನನ್ನ ಷೇರಿನ ಬೆಲೆ ತೋರಿಸುತ್ತಿದ್ದೆ. ಅವನು ಕೊಳ್ಳಲಿ ಎಂದಲ್ಲ, ನೋಡಲಿ ಎಂದು. ಜುಲೈ ಮುಗಿಯುವಾಗ ಅವನೇ, "ಲೋ, ನಂಗೂ ಒಂದು ಅಕೌಂಟ್ ಮಾಡ್ಸೋ" ಅಂದ. ಮಾಡಿಸಿದೆ.

ಅದೇ ಹೊತ್ತಿಗೆ ನನಗೆ ಒಳಗೊಳಗೇ ಅಳುಕು ಶುರುವಾಗಿತ್ತು. ಬೆಲೆ ಏರುವುದು ನಿಂತಿತ್ತು. ಕೊಳ್ಳುವವರ ಸಾಲಿನಲ್ಲಿ ಇನ್ನೂರು, ಐನೂರು ಷೇರಿಗೆ ಮಾತ್ರ ಬೇಡಿಕೆ. ಮಾರುವವರ ಸಾಲು ಉದ್ದವಾಗುತ್ತಿತ್ತು. ಅಮ್ಮನ 28,000ವನ್ನಾದರೂ ಹೊರಗೆ ತೆಗೆಯೋಣ ಎಂದುಕೊಂಡೆ. 6,000 ಷೇರನ್ನು 4 ರೂಪಾಯಿ 90 ಪೈಸೆಗೆ ಮಾರಿದರೆ 29,400 ಬರುತ್ತದೆ. ಓಲೆಯೂ ಬಂತು, ಮೇಲೆ ಸಾವಿರದ ನಾನೂರೂ ಬಂತು. ಆದರೆ ದಿನಕ್ಕೆ ಐನೂರು ಷೇರು ಬಿಕರಿಯಾಗುವ ಕಡೆ ಆರು ಸಾವಿರ ಕೊಳ್ಳುವವರು ಯಾರು?

ಭಾನುವಾರ ಸಂಜೆ ಗೆಳೆಯ ಸಿಕ್ಕಿದ. ದುಡ್ಡು ಖಾತೆಗೆ ಸೋಮವಾರ ಸಂಜೆಯೊಳಗೆ ಬೀಳುತ್ತದೆ ಅಂದ. ನಾನು ಹೇಳಿದೆ: "ಮಂಗಳವಾರ ಬೆಳಿಗ್ಗೆ ಪೇಟೆ ತೆರೆದ ತಕ್ಷಣ ಹಾಕು. ಚೌಕಾಸಿ ಮಾಡ್ಬೇಡ, ಸಿಗಲ್ಲ. 4.95 ಅಂತ ಹಾಕು." 4.95ರಂತೆ 5,000 ಷೇರು. 24,750 ರೂಪಾಯಿ.

ಅದೇ ಮಂಗಳವಾರ ಬೆಳಿಗ್ಗೆಗೆ ನನ್ನ 6,000 ಷೇರಿನ ಮಾರಾಟವನ್ನು 4.90ಕ್ಕೆ ಹಾಕಬೇಕೆಂದು ನಾನು ಸೋಮವಾರ ರಾತ್ರಿ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ.

ಇವೆರಡನ್ನೂ ಒಂದರ ಪಕ್ಕ ಒಂದು ಇಟ್ಟು ನಾನು ಆಗ ನೋಡಲಿಲ್ಲ. ಗೊತ್ತೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿದ್ದೂ ಮಾಡಿದೆ ಎಂದರೂ ಪೂರ್ತಿ ನಿಜವಲ್ಲ. ಷೇರುಪೇಟೆಯಲ್ಲಿ ಯಾರ ಷೇರು ಯಾರಿಗೆ ಹೋಯಿತೆಂದು ಕಾಣುವುದಿಲ್ಲ. ನಾನು ಮಾರುವುದು ಪೇಟೆಗೆ, ಅವನು ಕೊಳ್ಳುವುದು ಪೇಟೆಯಿಂದ. ನಡುವೆ ಮುಂಬೈನ ಒಂದು ಕಂಪ್ಯೂಟರ್ ಇರುತ್ತದೆ. ಆ ಕಂಪ್ಯೂಟರಿನ ಮರೆಯಲ್ಲಿ ನನಗೆ ಅವನ ಮುಖ ಕಾಣಬೇಕಾಗಿರಲಿಲ್ಲ. ಆದರೆ ಅಷ್ಟು ಕಡಿಮೆ ವಹಿವಾಟಿನ ಷೇರಿನಲ್ಲಿ, ಆ ಬೆಲೆಗೆ, ಆ ಹೊತ್ತಿಗೆ, ನನ್ನ ಆರು ಸಾವಿರದಲ್ಲಿ ಐದು ಸಾವಿರವನ್ನು ಕೊಳ್ಳುತ್ತಿದ್ದವನು ಅವನೇ. ನನ್ನ ಅಮ್ಮನ ಓಲೆ ಅವನ ತಂಗಿಯ ಫೀಸಿನಿಂದ ಬಿಡುಗಡೆಯಾಗುತ್ತಿತ್ತು.

ತಡೆದದ್ದು ಆ ಆದೇಶ. ಸೋಮವಾರ ರಾತ್ರಿ ಬಂತು. ಒಂದು ದಿನ ತಡವಾಗಿದ್ದರೆ ನಾನು ಹೊರಗೆ, ಅವನು ಒಳಗೆ.

ಸೆಪ್ಟೆಂಬರ್ 4, ಮೊದಲ ಸೋಮವಾರ. ಬ್ರೋಕರ್ ಕಚೇರಿಗೆ ಹೋಗಿ ಮಾರಾಟಕ್ಕೆ ಹಾಕಿದೆ. ಸಂಜೆ ಮೂರೂವರೆಯವರೆಗೆ ಕೂತೆ. ಕೊಳ್ಳುವವರ ಸಾಲು ಖಾಲಿ. ಆ ಖಾಲಿ ಸಾಲನ್ನೇ ನೋಡುತ್ತಾ ಕೂತಿದ್ದಾಗ ನಾನು ಕಾಯುತ್ತಿರುವುದು ಯಾರಿಗೆ ಎಂಬ ಪ್ರಶ್ನೆ ಮೊದಲ ಸಲ ಬಂತು. ಈ ಕಂಪನಿಯಲ್ಲಿ ಏನೂ ಇಲ್ಲ ಎಂದು ನನಗೆ ಈಗ ಗೊತ್ತು. ಹಾಗಾದರೆ ಅದನ್ನು ಕೊಳ್ಳಲು ಬರಬೇಕಾದವನು ಅದು ಗೊತ್ತಿಲ್ಲದವನು. ಎಲ್ಲೋ ಒಂದು ಊರಿನಲ್ಲಿ ಎಸ್ಸೆಮ್ಮೆಸ್ ಓದಿ, ಎರಡು ವಾರ ಬೆಲೆ ನೋಡಿ, ಮನೆಯವರಿಂದ ಹಣ ಕೇಳಿದ ಇನ್ನೊಬ್ಬ ನಾನು. ನನ್ನನ್ನು ಮಾರಲು ಬಿಡಿ ಎಂದು ನಾನು ಸಿಟ್ಟು ಮಾಡಿದ್ದಕ್ಕೆ ಅರ್ಥ ಇಷ್ಟೇ. ನನ್ನ ನಷ್ಟವನ್ನು ಅವನ ತಲೆಗೆ ಕಟ್ಟಲು ಬಿಡಿ.

ಒಂದು ವಾರ ಸಮಯ ಕೊಟ್ಟಿದ್ದರೆ ಎಂಬ ನನ್ನ ವಾದವೂ ಆಮೇಲೆ ಬಿದ್ದುಹೋಯಿತು. ಸಮಯ ಕೊಟ್ಟಿದ್ದರೆ ಮೊದಲು ಹೊರಗೆ ಹೋಗುತ್ತಿದ್ದವರು ಬಟ್ಟೆ ಅಂಗಡಿಯ ಮಹಡಿಯ ಮೇಲೆ ಕೂತ ಮೇಷ್ಟ್ರಲ್ಲ, ಲಕ್ಷಗಟ್ಟಲೆ ಷೇರು ಇಟ್ಟುಕೊಂಡು ಆಟ ಆಡಿಸುತ್ತಿದ್ದವರು. ಅವರ ಆಟ ಹೇಗಿರುತ್ತದೆ ಎಂದು ನಾನು ಓದಿ ತಿಳಿದದ್ದು ಎಂ.ಎ. ಮಾಡುವಾಗ. ಆಗಿನ ಕಾನೂನಿನಲ್ಲಿ ಪೇಟೆಯ ಷೇರನ್ನು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದರೆ ಬಂದ ಲಾಭಕ್ಕೆ ತೆರಿಗೆ ಇರಲಿಲ್ಲ. 2018ರ ಬಜೆಟ್ಟಿನಲ್ಲಷ್ಟೇ ಒಂದು ಲಕ್ಷಕ್ಕೆ ಮೇಲ್ಪಟ್ಟ ಲಾಭಕ್ಕೆ ಶೇ 10 ತೆರಿಗೆ ಬಂತು. ಲೆಕ್ಕಕ್ಕೆ ಸಿಗದ ಹಣ ಇರುವವನು ಇಂಥ ಒಂದು ಕಂಪನಿಯ ಷೇರನ್ನು ಅಗ್ಗಕ್ಕೆ ಪಡೆಯುತ್ತಾನೆ. ದಲ್ಲಾಳಿಗಳು ತಮ್ಮತಮ್ಮಲ್ಲೇ ಕೊಟ್ಟು ತೆಗೆದುಕೊಂಡು ಬೆಲೆಯನ್ನು ಮೇಲೆ ಎತ್ತುತ್ತಾರೆ. ವರ್ಷ ಕಳೆದ ಮೇಲೆ ಅವನದೇ ಕಪ್ಪುಹಣವನ್ನು ಬೇರೊಂದು ಕಾಗದದ ಕಂಪನಿಯ ಮೂಲಕ ತಂದು ಆ ಷೇರನ್ನು ಭಾರಿ ಬೆಲೆಗೆ ಕೊಂಡಂತೆ ಮಾಡುತ್ತಾರೆ. ಹಣ ಬಿಳಿಯಾಗಿ ಮನೆಗೆ ಬರುತ್ತದೆ. ಈ ಆಟದಲ್ಲಿ ನಮ್ಮಂಥವರ ಕೆಲಸ, ಅಂಗಡಿ ಮುಂದೆ ನಾಲ್ಕು ಜನ ನಿಂತಂತೆ ಕಾಣಿಸುವುದು. ಕೊನೆಗೆ ಉಳಿದ ಸರಕನ್ನು ಹೊತ್ತುಕೊಳ್ಳುವುದೂ ನಾವೇ. ನಾನು ಕೊಂಡ ಕಂಪನಿ ಇದನ್ನೇ ಮಾಡಿತೆಂದು ಹೇಳಲು ನನ್ನಲ್ಲಿ ದಾಖಲೆ ಇಲ್ಲ. ಅದು ಯಾವ ಪ್ರಶ್ನೆಗೂ ಉತ್ತರ ಕೊಡದೆ ಪೇಟೆಯ ಪಟ್ಟಿಯಿಂದ ಹೊರಬಿತ್ತು ಎಂದಷ್ಟೇ ಹೇಳಬಲ್ಲೆ.

ಮೋಸಹೋದವರೆಂದರೆ ಒಳ್ಳೆಯವರು ಎಂದು ನಾವು ಸುಲಭವಾಗಿ ಅಂದುಕೊಳ್ಳುತ್ತೇವೆ. ನಾನು ಮೋಸಹೋದವನು ನಿಜ. ಮೋಸದ ಸರಪಳಿಯಲ್ಲಿ ನಾನೊಂದು ಕೊಂಡಿಯೂ ಆಗಿದ್ದೆ, ಒಂದು ರಾತ್ರಿಯ ಅಂತರದಲ್ಲಿ ಆ ಕೆಲಸ ಪೂರ್ತಿಯಾಗಲಿಲ್ಲ. ಸೆಬಿಯ ಆದೇಶ ಒರಟಾಗಿತ್ತು, ಕೆಲಸ ಮಾಡುವ ಕಂಪನಿಗಳಿಗೂ ಅವುಗಳಲ್ಲಿ ಹಣ ಹಾಕಿದವರಿಗೂ ಅನ್ಯಾಯ ಮಾಡಿತು. ಅದೇ ಆದೇಶ ನನ್ನ ಗೆಳೆಯನನ್ನು ಉಳಿಸಿತು. ಅವನು ಆ ಹೊತ್ತಿನಲ್ಲಿ ಇನ್ನೂ ಹೂಡಿಕೆದಾರನೇ ಆಗಿರಲಿಲ್ಲ, ಹಾಗಾಗಿ ಉಳಿದವರ ಯಾವ ಲೆಕ್ಕದಲ್ಲೂ ಅವನಿಲ್ಲ. ಕಳೆದುಕೊಂಡವರು ಕೂಗುತ್ತಾರೆ. ಕಳೆದುಕೊಳ್ಳದೆ ಉಳಿದವರಿಗೆ ಉಳಿದೆವೆಂಬುದೇ ತಿಳಿಯುವುದಿಲ್ಲ.

ಬಿ.ಕಾಂ. ಮುಗಿಸಿ ನಾನು ಇತಿಹಾಸಕ್ಕೆ ಹೊರಳಿದೆ. ಈಗ ನನ್ನ ಪಿಎಚ್.ಡಿ. ವಿಷಯ ನಮ್ಮ ನಾಡಿನ ಸಹಕಾರ ಸಂಘಗಳ ಆರಂಭದ ಕಾಲ. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘದಿಂದ ನನ್ನ ಮೊದಲ ಅಧ್ಯಾಯ ಶುರುವಾಗುತ್ತದೆ. 1904ರ ಕಾಯ್ದೆಯ ಪ್ರಕಾರ ಹಳ್ಳಿಯ ಸಂಘಗಳಿಗಿದ್ದದ್ದು ಅಪರಿಮಿತ ಹೊಣೆ. ಅಂದರೆ ಒಬ್ಬ ಸದಸ್ಯ ಸಾಲ ತೀರಿಸದಿದ್ದರೆ ಮಿಕ್ಕವರೆಲ್ಲ ತಮ್ಮ ಇಡೀ ಆಸ್ತಿಯ ಮಟ್ಟಿಗೂ ಅದಕ್ಕೆ ಬಾಧ್ಯರು. ಮೊದಲ ಸಲ ಇದನ್ನು ಓದಿದಾಗ ಯಾರು ತಾನೇ ಇದಕ್ಕೆ ಹೆಬ್ಬೆಟ್ಟು ಒತ್ತಿದರು ಎಂದು ಆಶ್ಚರ್ಯವಾಗಿತ್ತು. ಒತ್ತುವವನಿಗೆ ಪಕ್ಕದವನ ಮುಖ ಗೊತ್ತಿತ್ತು. ಅವನ ಹೊಲ, ಎತ್ತು, ಕುಡಿತ, ಮಗಳ ಮದುವೆ ಎಲ್ಲ ಗೊತ್ತಿತ್ತು. ಅದು ಸ್ವರ್ಗವೇನೂ ಆಗಿರಲಿಲ್ಲ. ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ಬಿಡಬೇಕು ಎನ್ನುವಲ್ಲಿ ಹಳ್ಳಿಯ ಜಾತಿ, ಜಮೀನು ಎರಡೂ ಕೆಲಸ ಮಾಡುತ್ತಿದ್ದವು. ಆದರೆ ನಷ್ಟವನ್ನು ಮುಖ ಕಾಣದವನೊಬ್ಬನಿಗೆ ದಾಟಿಸಿ ಮನೆಗೆ ಹೋಗುವ ದಾರಿ ಅಲ್ಲಿರಲಿಲ್ಲ. ಗ್ರಂಥಾಲಯದಲ್ಲಿ ಕೂತು ಆ ಹಳೆಯ ವರದಿಗಳನ್ನು ಓದುವಾಗ ಎಷ್ಟೋ ಸಲ ನನ್ನ 4.90, ಅವನ 4.95 ನೆನಪಾಗುತ್ತದೆ.

ಫೆಲೋಶಿಪ್ಪಿನ ಮೊದಲ ಕಂತು ಬಂದಾಗ ಅಮ್ಮನ ಓಲೆ ಬಿಡಿಸಿಕೊಟ್ಟೆ. ಅಷ್ಟು ಹೊತ್ತಿಗೆ ಬಡ್ಡಿ ಕಟ್ಟಿ ಕಟ್ಟಿ, ಅಡವನ್ನು ಎರಡು ಸಲ ನವೀಕರಿಸಿ ಆಗಿತ್ತು. ಹಾಕಿಕೊಂಡು ಕನ್ನಡಿ ನೋಡಿ, "ತೂತು ಮುಚ್ಚೋಗ್ಬಿಟ್ಟಿತ್ತು ನೋಡು" ಅಂದಳು. ಬೇರೇನೂ ಹೇಳಲಿಲ್ಲ.

ಗೆಳೆಯ ಈಗ ತಿಪಟೂರಿನಲ್ಲೇ ತೆಂಗಿನಪುಡಿ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ತಂಗಿ ಅದೇ ವರ್ಷ ನರ್ಸಿಂಗ್ ಸೇರಿದಳು. ಕಳೆದ ತಿಂಗಳು ಊರಿಗೆ ಹೋದಾಗ ಬಸ್‌ಸ್ಟ್ಯಾಂಡ್ ಹತ್ತಿರ ಸಿಕ್ಕಿದ. ಟೀ ಕುಡಿಯುತ್ತಾ ಎಲ್ಲ ಹೇಳಿಬಿಟ್ಟೆ. ಆರು ಸಾವಿರ ಷೇರು, 4.90, ಚೀಟಿಯಲ್ಲಿ ಬರೆದಿಟ್ಟದ್ದು, ಎಲ್ಲ. ಅವನು ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ರಸ್ತೆ ನೋಡಿದ. ಎಂಟು ವರ್ಷ ಆದಮೇಲೆ ಇದನ್ನು ಹೇಳುವ ಅಗತ್ಯ ಏನಿತ್ತು ಅನ್ನಿಸಿ ನನಗೆ ಭಯವಾಯಿತು.

"ನಮ್ಮವ್ವ ಅವತ್ತು ದುಡ್ಡು ಕೊಡೋವಾಗ ಮೂರು ಸಲ ಎಣಿಸಿದ್ಳು ಕಣೋ" ಅಂದ. ನಗಲಿಲ್ಲ. ಆಮೇಲೆ, "ನಾನು ತಗೊಂಡಿದ್ರೆ ಸುಮ್ನೆ ಇರ್ತಿದ್ನಾ? ನಾನೂ ಇನ್ಯಾವನಿಗೋ ಹೇಳ್ತಿದ್ದೆ. ನಮ್ ಮಾವನ ಮಗ ಆಗ್ಲೇ ಕೇಳ್ತಿದ್ದ" ಅಂದ.

ಟೀ ದುಡ್ಡು ಅವನೇ ಕೊಟ್ಟ. ನಾನು ಕೊಡಲು ಹೋದರೆ ಬಿಡಲಿಲ್ಲ. ಬಸ್ಸು ಹತ್ತಿದ ಮೇಲೆ ಕಿಟಕಿಯ ಹತ್ತಿರ ಬಂದು, "ಆ ಷೇರು ಇನ್ನೂ ಇದಾವಾ?" ಎಂದು ಕೇಳಿದ.

"ಇದಾವೆ. ಹನ್ನೆರಡು ಸಾವಿರ."

"ಇಟ್ಕೋ" ಅಂದ. ಬಸ್ಸು ಹೊರಟಿತು.